ವಾರಂಟಿ ಮುಗಿಯುವ ಮುಂಚೆ ಲಾರಿಯನ್ನು ಡೀಲರ್ ಹತ್ತಿರ ಬಿಡಬೇಕಾ?

ಒಂಟಿ ಲಾರಿ:

ನನ್ನದು ಒಂದೇ ಲಾರಿ. ಓಡಿಸುವವನೂ ನಾನೇ, ಕಂತು ಕಟ್ಟುವವನೂ ನಾನೇ. ವಾರಂಟಿ ಮುಗಿಯುವ ಹೊತ್ತು ಹತ್ತಿರ ಬರುತ್ತಿದೆ. ತಾರೀಖಿನ ಲೆಕ್ಕದಲ್ಲಿ ಇನ್ನೂ ಒಂದಷ್ಟು ತಿಂಗಳು ಇದೆ. ಕಿಲೋಮೀಟರ್ ಲೆಕ್ಕದಲ್ಲಿ ಅದಕ್ಕಿಂತ ಬೇಗ ಮುಗಿಯುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಕೊನೆ ಅಂತ ಪುಸ್ತಕದಲ್ಲಿದೆ. ನಾನು ಓಡುವ ಲೈನ್ ಉದ್ದದ್ದು, ಮೀಟರ್ ಸುಮ್ನೆ ಕೂರುವುದಿಲ್ಲ.

ಗಾಡಿ ಇವತ್ತಿನವರೆಗೆ ದಾರಿಯಲ್ಲಿ ಕೈ ಕೊಟ್ಟಿಲ್ಲ. ಹಾಗಂತ ಎಲ್ಲ ಸರಿಯಾಗಿದೆ ಅಂತಲೂ ಅಲ್ಲ.

ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ನಿಧಾನವಾಗಿ ಇಳಿಯುತ್ತಿದೆ. ಮೇಲಿನ ಗೆರೆಯವರೆಗೆ ತುಂಬಿಸಿದರೆ ಕೆಲವು ಟ್ರಿಪ್ ಆದ ಮೇಲೆ ಕೆಳಗಿನ ಗೆರೆ ಹತ್ತಿರ ಬಂದಿರುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಗೇರ್‌ಬಾಕ್ಸ್ ಹಿಂದಿನ ಸೀಲ್ ಸುತ್ತ ಒದ್ದೆ, ಧೂಳು ಮೆತ್ತಿಕೊಂಡು ಕಪ್ಪಗೆ ಅಂಟಾಗಿದೆ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಎಂಜಿನ್ ಲೈಟ್ ಬರುತ್ತದೆ, ಆಮೇಲೆ ತಾನೇ ಹೋಗುತ್ತದೆ. ಲೋಡ್ ಇದ್ದಾಗ ನಿಂತಲ್ಲಿಂದ ಎತ್ತುವಾಗ ಹಿಂದಿನಿಂದ ಒಂದು ಸಲ ‘ಟಕ್’ ಅನ್ನುತ್ತದೆ. ಒಂದೇ ಸಲ. ಗಾಡಿ ಸಾಗಿದ ಮೇಲೆ ಇಲ್ಲ.

ಕಡ್ಡಾಯವಾದ ಸರ್ವಿಸ್‌ಗಳನ್ನು ಮೊದಲು ಡೀಲರ್ ಹತ್ತಿರವೇ ಮಾಡಿಸಿದೆ. ಆಮೇಲೆ ಆಯಿಲ್, ಫಿಲ್ಟರ್ ಎಲ್ಲ ನನ್ನ ಮೇಸ್ತ್ರಿ ಹತ್ತಿರ. ಅವರು ಗಾಡಿ ಗೇಟ್ ಒಳಗೆ ಬರುವ ಸದ್ದಿನಲ್ಲೇ ಕಾಯಿಲೆ ಹೇಳುವವರು. ಡೀಲರ್ ಹತ್ತಿರ ಬಿಟ್ಟರೆ ಗಾಡಿ ಎಷ್ಟು ದಿನ ನಿಲ್ಲುತ್ತದೆ ಅಂತ ಯಾರೂ ಹೇಳುವುದಿಲ್ಲ. ಫೋನ್ ಮಾಡಿದರೆ ಅಲ್ಲಿನ ಸರ್ವಿಸ್ ಅಡ್ವೈಸರ್ ‘ಮುಂದಿನ ಸರ್ವಿಸ್‌ಗೆ ಬನ್ನಿ, ಆಗ ಒಟ್ಟಿಗೆ ನೋಡೋಣ’ ಅಂತಾರೆ. ಆ ಮುಂದಿನ ಸರ್ವಿಸ್ ಬರುವ ಹೊತ್ತಿಗೆ ವಾರಂಟಿ ಬಾಗಿಲು ಹಾಕಿರುತ್ತದೆ ಅನ್ನುವುದು ನನ್ನ ಗುಮಾನಿ.

ಈಗಲೇ ಹೋಗಬೇಕಾ, ಸರ್ವಿಸ್‌ವರೆಗೆ ಕಾಯಬೇಕಾ? ಹೊರಗೆ ಆಯಿಲ್ ಹಾಕಿಸಿದ್ದು ಈಗ ಅಡ್ಡ ಬರುತ್ತದಾ? ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಂಡರೆ ಈ ತಲೆನೋವೇ ಇಲ್ಲ ಅಂತ ಒಬ್ಬರು ಹೇಳಿದರು, ನನಗೆ ನಂಬಿಕೆ ಬರುತ್ತಿಲ್ಲ.

ಹಳೇ ಸ್ಪ್ಯಾನರ್:

ಈಗಲೇ ಹೋಗಿ. ಸರ್ವಿಸ್‌ಗೆ ಅಂತ ಹೋಗಬೇಡಿ, ಕಂಪ್ಲೇಂಟ್ ಕೊಡಲು ಹೋಗಿ. ಎರಡೂ ಬೇರೆ. ಸರ್ವಿಸ್ ಜಾಬ್ ಕಾರ್ಡ್‌ನಲ್ಲಿ (ಗಾಡಿಯ ಕಂಪ್ಲೇಂಟ್, ಕೆಲಸ ಬರೆಯುವ ಕಾಗದ) ಆಯಿಲ್ ಬದಲಿಸಿದರು, ಫಿಲ್ಟರ್ ಬದಲಿಸಿದರು ಅಂತ ಇರುತ್ತದೆ. ನೀವು ಬಾಯಲ್ಲಿ ಹೇಳಿದ್ದು ಅಡ್ವೈಸರ್ ಕಿವಿಯಲ್ಲೇ ಉಳಿಯುತ್ತದೆ.

ನಾನು ಬಹಳ ಕಾಲ ಸರ್ವಿಸ್ ಸೆಂಟರಿನಲ್ಲಿ ವಾರಂಟಿ ಕೆಲಸವನ್ನೇ ನೋಡುತ್ತಿದ್ದವನು. ಒಳಗಿನ ವ್ಯವಹಾರ ಸ್ವಲ್ಪ ಹೇಳುತ್ತೇನೆ. ವಾರಂಟಿ ದುಡ್ಡು ಕೊಡುವುದು ಡೀಲರ್ ಅಲ್ಲ, ಕಂಪನಿ. ಡೀಲರ್ ಕೆಲಸ ಮಾಡಿ, ಆಮೇಲೆ ಕಂಪನಿಗೆ ಕ್ಲೈಮ್ ಕಳಿಸಬೇಕು. ಗಿರಾಕಿ ಏನು ಹೇಳಿದರು, ಮೆಕ್ಯಾನಿಕ್‌ಗೆ ಏನು ಕಂಡಿತು, ಯಾವ ಭಾಗದಿಂದ ಶುರುವಾಯಿತು, ಗಾಡಿಯ ಕಂಪ್ಯೂಟರ್ ತೋರಿಸಿದ ದೋಷದ ಕೋಡ್ ಏನು, ಫೋಟೋ ಎಲ್ಲಿ, ಬಿಚ್ಚಿದ ಭಾಗ ಎಲ್ಲಿ — ಇಷ್ಟು ಕೇಳುತ್ತಾರೆ. ಇವು ಒಂದಕ್ಕೊಂದು ಹೊಂದದಿದ್ದರೆ ಕ್ಲೈಮ್ ವಾಪಸ್. ಆಗ ನಷ್ಟ ಡೀಲರ್ ತಲೆಗೆ. ಹಾಗಾಗಿ ‘ಏನೋ ಸದ್ದು ಬರುತ್ತೆ’ ಅಂತ ಬಂದ ಗಾಡಿಯನ್ನು ಯಾವ ಅಡ್ವೈಸರೂ ಇಷ್ಟಪಟ್ಟು ಒಳಗೆ ತೆಗೆದುಕೊಳ್ಳುವುದಿಲ್ಲ. ಅವರು ಕೆಟ್ಟವರು ಅಂತಲ್ಲ. ಅವರಿಗೆ ಹಿಡಿಯಲು ಒಂದು ಎಳೆ ಬೇಕು.

ಆ ಎಳೆಯನ್ನು ನೀವೇ ಕೊಡಿ. ‘ಟಕ್’ ಬಗ್ಗೆ ನೀವು ಇಲ್ಲಿ ಬರೆದದ್ದೇ ಚೆನ್ನಾಗಿದೆ: ಲೋಡ್ ಇದ್ದಾಗ, ನಿಂತಲ್ಲಿಂದ ಎತ್ತುವಾಗ, ಒಂದೇ ಸಲ. ಇದನ್ನೇ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಯಾವ ಗೇರ್‌ನಲ್ಲಿ, ರಿವರ್ಸ್‌ಗೆ ಹಾಕಿದಾಗಲೂ ಬರುತ್ತದಾ ಅನ್ನುವುದನ್ನೂ ಸೇರಿಸಿ. ಒಂದೊಂದು ಕಂಪ್ಲೇಂಟ್‌ಗೆ ಒಂದೊಂದು ಸಾಲು. ನಾಲ್ಕನ್ನೂ ಕಲಸಿ ‘ಜನರಲ್ ಚೆಕಪ್’ ಅಂತ ಬರೆದುಕೊಂಡರೆ ಸಹಿ ಹಾಕಬೇಡಿ.

ಕೂಲೆಂಟ್ ವಿಷಯ ನನಗೆ ಜಾಸ್ತಿ ಚಿಂತೆ. ಹೊರಗೆ ಹನಿ ಕಾಣದೆ ಇಳಿಯುತ್ತಿದೆ ಅಂದರೆ ದಾರಿ ಮೂರ್ನಾಲ್ಕು. ಇಜಿಆರ್ ಕೂಲರ್ (ಎಂಜಿನ್‌ಗೆ ವಾಪಸ್ ಹೋಗುವ ಎಕ್ಸಾಸ್ಟ್ ಗ್ಯಾಸ್ ತಣಿಸುವ ಭಾಗ) ಒಳಗೆ ಬಿರುಕು ಬಿಟ್ಟಿದ್ದರೆ ಕೂಲೆಂಟ್ ಎಕ್ಸಾಸ್ಟ್ ಗ್ಯಾಸ್ ಜೊತೆ ಸೇರಿ ಸುಟ್ಟು ಹೋಗುತ್ತದೆ. ಹೆಡ್ ಗ್ಯಾಸ್ಕೆಟ್ ಇರಬಹುದು. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಸೀಲ್ ಹೋಗುವಾಗ ಮೊದಲು ಅಲ್ಲಿ ಬಣ್ಣದ ಕಲೆ ಬೀಳುತ್ತದೆ. ಬಿಸಿ ಎಂಜಿನ್ ಮೇಲೆ ಬಿದ್ದ ನೀರು ನೆಲ ಮುಟ್ಟುವ ಮುಂಚೆ ಆರಿಹೋಗುತ್ತದೆ, ಅದಕ್ಕೇ ಹನಿ ಕಾಣುವುದಿಲ್ಲ. ಇನ್ನೊಂದು ಜಾತಿಯ ಲೀಕ್ ಇದೆ. ತಣ್ಣಗಿರುವಾಗ ಮಾತ್ರ ಬರುತ್ತದೆ. ರಾತ್ರಿ ರಬ್ಬರ್ ಕುಗ್ಗಿ ಕ್ಲ್ಯಾಂಪ್ ಹಿಡಿತ ಸಡಿಲವಾಗುತ್ತದೆ. ಎಂಜಿನ್ ಬಿಸಿಯಾದರೆ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ನೀವು ಗಾಡಿ ಓಡಿಸಿಕೊಂಡು ಹೋಗಿ ಬಿಸಿಯಲ್ಲೇ ಪ್ರೆಷರ್ ಟೆಸ್ಟ್ (ಕೂಲೆಂಟ್ ದಾರಿಗೆ ಒತ್ತಡ ಹಾಕಿ ಲೀಕ್ ಹುಡುಕುವುದು) ಮಾಡಿಸಿದರೆ ‘ಏನೂ ಇಲ್ಲ’ ಅಂತಲೇ ಬರುತ್ತದೆ. ರಾತ್ರಿ ಅಲ್ಲೇ ಬಿಡಿ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಟೆಸ್ಟ್ ಮಾಡಲು ಹೇಳಿ. ಈ ಮಾತನ್ನೂ ಜಾಬ್ ಕಾರ್ಡ್‌ನಲ್ಲಿ ಬರೆಸಿ.

ಹೋಗುವ ತನಕ ಟ್ಯಾಂಕಿನ ಫೋಟೋ ತೆಗೆಯಿರಿ. ಗೆರೆ ಕಾಣಬೇಕು. ಅದೇ ಹೊತ್ತಿಗೆ ಮೀಟರಿನ ಫೋಟೋ ಕೂಡ. ಪ್ರತಿ ಸಲವೂ ಎಂಜಿನ್ ತಣ್ಣಗಿರುವಾಗಲೇ.

ಲೈಟ್ ಬಗ್ಗೆ: ಬ್ಯಾಟರಿ ಕನೆಕ್ಷನ್ ತೆಗೆಯಬೇಡಿ, ಹೊರಗಿನ ಸ್ಕ್ಯಾನರ್ ಹಾಕಿ ಕೋಡ್ ಅಳಿಸಬೇಡಿ. ಲೈಟ್ ಹೋದರೂ ಕೋಡ್ ಸಾಮಾನ್ಯವಾಗಿ ಒಳಗೆ ಉಳಿದಿರುತ್ತದೆ. ಅದು ಬಂದ ಹೊತ್ತಿನಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು ಅನ್ನುವುದು ಕೂಡ ಬಹಳಷ್ಟು ಗಾಡಿಗಳಲ್ಲಿ ದಾಖಲಾಗಿರುತ್ತದೆ. ಅಳಿಸಿದರೆ ನಿಮ್ಮ ಸಾಕ್ಷಿಯನ್ನು ನೀವೇ ಒರೆಸಿದ ಹಾಗೆ.

ಹಾಂ, ಕೋಡ್ ಇಟ್ಟುಕೊಳ್ಳುವ ಆ ಕಂಪ್ಯೂಟರ್ ಪೆಟ್ಟಿಗೆ ನಿಮ್ಮ ಕಡೆ ಮಾತ್ರ ಸಾಕ್ಷಿ ಹೇಳುವುದಿಲ್ಲ. ಇಳಿಜಾರಿನಲ್ಲಿ ತಪ್ಪು ಗೇರ್ ಹಾಕಿ ಎಂಜಿನ್ ಮಿತಿ ಮೀರಿ ತಿರುಗಿದ್ದರೆ, ಬಿಸಿ ಏರಿದ ಮೇಲೂ ಓಡಿಸಿದ್ದರೆ ಅದೂ ಅಲ್ಲಿ ಬರೆದಿರುತ್ತದೆ.

ಆರು ಗಾಡಿ:

ಸ್ಪ್ಯಾನರ್ ಅವರು ಹೇಳಿದ್ದು ಸರಿ. ದಿನದ ಲೆಕ್ಕ ನಾನು ಹೇಳುತ್ತೇನೆ, ಯಾಕಂದ್ರೆ ನಮ್ಮ ಮನೆಯಲ್ಲಿ ಗಾಡಿ ನಿಂತರೆ ಮಾತೇ ಬೇರೆ.

ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಮೊದಲ ಸಲ ಹೋದಾಗ ಕಾಯಿಲೆ ಸಿಗುತ್ತದೆ, ಭಾಗ ಸಿಗುವುದಿಲ್ಲ. ಆರ್ಡರ್ ಹಾಕುತ್ತಾರೆ. ‘ಗಾಡಿ ತೆಗೆದುಕೊಂಡು ಹೋಗಿ, ಬಂದ ಮೇಲೆ ಫೋನ್ ಮಾಡುತ್ತೇವೆ’ ಅಂತಾರೆ. ಹಾಕಿದ ಮೇಲೂ ಅದೇ ಕಾಯಿಲೆ ಮತ್ತೆ ಬರುತ್ತದಾ ಅಂತ ನೋಡಲು ನಿಮಗೆ ಲೋಡ್ ಹಾಕಿ ಓಡಿಸುವ ಸಮಯ ಬೇಕು. ಎರಡನೇ ಸಲ ಹೋಗುವಷ್ಟು ಕಿಲೋಮೀಟರ್ ಕೈಯಲ್ಲಿ ಇರುವಾಗಲೇ ಮೊದಲ ಸಲ ಹೋಗಿ. ನಿಮ್ಮ ಓಟಕ್ಕೆ ಅದು ಎಷ್ಟು ಅಂತ ನಿಮಗೇ ಗೊತ್ತು.

ಭಾಗ ಬರುವ ಮುಂಚೆ ವಾರಂಟಿ ಮುಗಿದರೆ ಏನು ಅಂತ ಕೇಳುತ್ತೀರಿ. ಅವಧಿಯೊಳಗೆ ಕಂಪ್ಲೇಂಟ್ ದಾಖಲಾಗಿ ಕಾಯಿಲೆ ಪತ್ತೆಯಾಗಿದ್ದರೆ ಸಾಮಾನ್ಯವಾಗಿ ಆ ಕೆಲಸವನ್ನು ವಾರಂಟಿಯಲ್ಲೇ ಮುಗಿಸಿಕೊಡುತ್ತಾರೆ. ಆದರೆ ಅದು ಕಾಗದದಲ್ಲಿ ಇರಬೇಕು. ಜಾಬ್ ಕಾರ್ಡ್ ಪ್ರತಿ ಕೈಗೆ ಬರದೆ ಗೇಟ್ ದಾಟಬೇಡಿ. ಅದರಲ್ಲಿ ತಾರೀಖು, ಕಿಲೋಮೀಟರ್, ಅವರ ಸೀಲು ಇರಲಿ.

ಒಂದು ವಿಷಯದಲ್ಲಿ ನನ್ನದು ಬೇರೆ ದಾರಿ. ಡೀಲರ್‌ಗೆ ಹೋಗುವ ಮುಂಚೆ ನಿಮ್ಮ ಮೇಸ್ತ್ರಿ ಹತ್ತಿರ ಒಂದು ಸಲ ಗಾಡಿಯ ಅಡಿ ನೋಡುವ ಗುಂಡಿ ಮೇಲೆ ನಿಲ್ಲಿಸಿ. ಏನನ್ನೂ ಬಿಚ್ಚುವುದು ಬೇಡ, ಸುಮ್ನೆ ನೋಡಲಿ. ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಲಿ. ಆಡಿದರೆ, ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಲಿ. ಬ್ರೇಕ್ ಒತ್ತಿದಾಗ ನಿಂತರೆ ಬೇರಿಂಗ್, ಆಗಲೂ ಆಡಿದರೆ ಕಿಂಗ್ ಪಿನ್ (ಮುಂದಿನ ಚಕ್ರ ಹೊರಳುವ ಕೀಲು). ಸ್ಪ್ರಿಂಗ್ ಪ್ಲೇಟ್‌ಗಳಲ್ಲಿ ಬಿರುಕು, ಟಾರ್ಕ್ ರಾಡ್ ಬೂಷ್, ಹಬ್ ಸೀಲ್, ಟರ್ಬೋ ಪೈಪ್ ಒಳಗೆ ಆಯಿಲ್, ಎಲ್ಲ ನೋಡಲಿ. ಬ್ರೇಕಿನ ಏರ್ ಟ್ಯಾಂಕಿನ ನೀರು ಬಿಟ್ಟು ನೋಡಿ. ನೀರಿನ ಜೊತೆ ಆಯಿಲ್ ಜಾಸ್ತಿ ಬಂದರೆ ಕಂಪ್ರೆಸರ್ ಆಯಿಲ್ ಎಸೆಯುತ್ತಿದೆ. ರಾತ್ರಿ ಏರ್ ತುಂಬಿಸಿ ಎಂಜಿನ್ ಆಫ್ ಮಾಡಿ, ಬೆಳಗ್ಗೆ ಏರ್ ಮೀಟರಿನ ಮುಳ್ಳು ಎಲ್ಲಿದೆ ನೋಡಿ. ನಿಮ್ಮ ಕಿವಿಗೆ ಕೇಳಿದ್ದು ನಾಲ್ಕು, ಗುಂಡಿಯೊಳಗೆ ಇಳಿದರೆ ಐದಾರು ಸಿಗುತ್ತವೆ.

ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್, ಬೆಲ್ಟ್, ಬಲ್ಬ್ ಇವನ್ನೆಲ್ಲ ವಾರಂಟಿಯಲ್ಲಿ ಕೇಳಲು ಹೋಗಬೇಡಿ. ಸವೆಯುವ ಭಾಗ ಅಂತ ಹೇಳಿ ಕೈ ತೊಳೆಯುತ್ತಾರೆ, ನಿಮ್ಮ ಉಳಿದ ಕಂಪ್ಲೇಂಟ್‌ಗಳೂ ಹಗುರಾಗುತ್ತವೆ. ಟೈರ್, ಬ್ಯಾಟರಿಗೆ ಬಹಳ ಕಡೆ ಅವುಗಳ ಕಂಪನಿಯದ್ದೇ ಬೇರೆ ವಾರಂಟಿ ಇರುತ್ತದೆ. ಪುಸ್ತಕದ ಆ ಪುಟವನ್ನೂ ಓದಿ. ಅಲ್ಲಿ ಇನ್ನೊಂದು ಸಿಗಬಹುದು: ಪೂರ್ತಿ ಗಾಡಿಗೆ ಒಂದು ಅವಧಿ, ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್‌ಗೆ ಅದಕ್ಕಿಂತ ಉದ್ದದ ಅವಧಿ. ನಿಮ್ಮ ಗೇರ್‌ಬಾಕ್ಸ್ ಸೀಲ್ ಯಾವುದರಲ್ಲಿ ಬರುತ್ತದೆ ಅಂತ ಈಗಲೇ ನೋಡಿಕೊಳ್ಳಿ. ಗೇರ್‌ಬಾಕ್ಸ್ ಒಳಗಿನ ಗೇರ್ ಸೇರಿಸಿ, ಹೊರಗಿನ ಸೀಲ್ ಬಿಟ್ಟಿರುವ ಪುಸ್ತಕಗಳೂ ಇವೆ.

ರಾತ್ರಿ ಡ್ಯೂಟಿ:

ಎಲ್ಲರೂ ಹೋಗಿ ಹೋಗಿ ಅಂತಿದ್ದಾರೆ. ನಾನು ತಡೆಯುತ್ತೇನೆ.

ನನ್ನ ಗಾಡಿಯಲ್ಲೂ ಇಂಥದ್ದೇ ಒದ್ದೆ ಇತ್ತು, ಬೇರೆ ಕಡೆ. ವಾರಂಟಿ ಮುಗಿಯುತ್ತದಲ್ಲ ಅಂತ ಹೋಗಿ ಹಠ ಹಿಡಿದೆ. ಬಿಚ್ಚಿದರು. ಕಲಿಯುವ ಹುಡುಗನ ಕೈಗೆ ಕೊಟ್ಟಿದ್ದರು. ಸೀಲ್ ಓರೆಯಾಗಿ ಕೂರಿಸಿದ. ಮೊದಲು ಒದ್ದೆ ಇತ್ತು, ಆಮೇಲೆ ತೊಟ್ಟಿಕ್ಕಲು ಶುರುವಾಯಿತು. ಮತ್ತೆ ನಿಲ್ಲಿಸಿ, ಮತ್ತೆ ಬಿಚ್ಚಿ. ದುಡ್ಡು ಕೇಳಲಿಲ್ಲ ಸರಿ, ನಿಂತ ದಿನಗಳ ಬಾಡಿಗೆ ಯಾರು ಕೊಡುತ್ತಾರೆ?

ಆಯಿಲ್ ಲೆವೆಲ್ ಇಳಿಯದಿದ್ದರೆ ಆ ಸೀಲ್ ಮುಟ್ಟಿಸಬೇಡಿ. ಒದ್ದೆಯಾದ ಸೀಲ್ ಎಲ್ಲ ಕೆಟ್ಟ ಸೀಲ್ ಅಲ್ಲ.

ಹಳೇ ಸ್ಪ್ಯಾನರ್:

ರಾತ್ರಿ ಡ್ಯೂಟಿ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ತೋರಿಸುವುದು ಬೇರೆ, ಬಿಚ್ಚಿಸುವುದು ಬೇರೆ ಅಲ್ವಾ?

ಕಂಪನಿಗಳು ಜಿನುಗು ಮತ್ತು ಲೀಕ್ ಅಂತ ಎರಡು ಮಾಡುತ್ತವೆ. ಮೇಲೆ ತೇವ ಇದ್ದು ಹನಿ ಕಟ್ಟದಿದ್ದರೆ ಜಿನುಗು, ಅದಕ್ಕೆ ಸಾಮಾನ್ಯವಾಗಿ ಕ್ಲೈಮ್ ಕೊಡುವುದಿಲ್ಲ. ಹನಿ ಕಟ್ಟಿ ಬಿದ್ದರೆ ಲೀಕ್. ನಿಮ್ಮದು ಯಾವುದು ಅಂತ ತಿಳಿಯಲು ಆ ಜಾಗವನ್ನು ಚೆನ್ನಾಗಿ ಒರೆಸಿ, ಎರಡು ಮೂರು ಲೋಡ್ ಓಡಿಸಿ, ಆಮೇಲೆ ನೋಡಿ. ಹಳೇ ಅಂಟಿನ ಮೇಲೆ ಯಾರೂ ಏನೂ ಹೇಳಲು ಆಗುವುದಿಲ್ಲ. ಡೀಲರ್ ಹತ್ತಿರ ಹೋಗುವ ದಿನವೇ ಎಂಜಿನ್ ತೊಳೆಸಿಕೊಂಡು ಹೋಗಬೇಡಿ, ನೋಡಲು ಏನೂ ಉಳಿದಿರುವುದಿಲ್ಲ. ಸುಮಾರು ಮುಂಚೆಯೇ ತೊಳೆಸಿ. ಗೇರ್‌ಬಾಕ್ಸಿನ ಉಸಿರು ನಳಿಕೆ ಮಣ್ಣು ಕಟ್ಟಿ ಮುಚ್ಚಿದೆಯಾ ಅಂತಲೂ ನೋಡಿಸಿ. ಅದು ಮುಚ್ಚಿದರೆ ಒಳಗೆ ಒತ್ತಡ ಏರಿ, ಒಳ್ಳೆ ಸೀಲ್ ಕೂಡ ಆಯಿಲ್ ಬಿಡುತ್ತದೆ.

ಜಿನುಗು ಅಂದರೂ ಜಾಬ್ ಕಾರ್ಡ್‌ನಲ್ಲಿ ‘ಗಮನಿಸಲಾಗಿದೆ’ ಅಂತ ಬರೆಸಿ, ಫೋಟೋ ತೆಗೆಸಿ. ಮುಂದೆ ಅದು ಜೋರಾಗಿ ವಾರಂಟಿ ದಾಟಿದ ಮೇಲೆ ಹೋದರೆ, ಇದು ಅವಧಿಯೊಳಗೇ ಶುರುವಾಗಿತ್ತು ಅಂತ ತೋರಿಸಬಹುದು. ಕಂಪನಿಯವರು ಒಪ್ಪಲೇಬೇಕು ಅಂತಿಲ್ಲ. ಮರ್ಜಿ ಮೇಲೆ ಅರ್ಧ ಕೊಡುವುದುಂಟು, ಪೂರ್ತಿ ಕೊಡುವುದೂ ಉಂಟು. ಕಾಗದ ಇಲ್ಲದವನಿಗೆ ಆ ಮಾತೂ ಇಲ್ಲ.

ಹೊರಗೆ ಆಯಿಲ್ ಹಾಕಿಸಿದ ಬಗ್ಗೆ ಕೇಳಿದ್ದಿರಿ. ಬಿಲ್ ಇದೆಯಾ? ಅದರ ಮೇಲೆ ಆಯಿಲ್ ಗ್ರೇಡ್, ಫಿಲ್ಟರ್ ನಂಬರ್, ಕಿಲೋಮೀಟರ್ ಇದೆಯಾ? ಇದ್ದರೆ ಮಾತಾಡಬಹುದು. ಪುಸ್ತಕ ಹೇಳಿದ ಗ್ರೇಡ್, ಹೇಳಿದ ಕಿಲೋಮೀಟರ್ ಒಳಗೆ ಅನ್ನುವುದೇ ಮುಖ್ಯ. ನಿಮ್ಮ ನಾಲ್ಕರಲ್ಲಿ ಆಯಿಲ್‌ಗೆ ನೇರ ಸಂಬಂಧ ಇರುವುದು ಕಡಿಮೆ, ಅದು ನಿಮ್ಮ ಅದೃಷ್ಟ. ಎಂಜಿನ್ ಬೇರಿಂಗ್ ಹೋಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಆಯಿಲ್ ಹೇಗೂ ಬದಲಿಸುತ್ತೀರಿ ಅಂದರೆ ಒಂದು ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿ. ಎಂಜಿನ್ ಬಿಸಿ ಇರುವಾಗ, ಸೋರುವ ಆಯಿಲ್‌ನ ಮೊದಲ ಭಾಗ ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ವರದಿಯಲ್ಲಿ ಸೋಡಿಯಂ, ಪೊಟ್ಯಾಷಿಯಂ ಏರಿದ್ದರೆ ಕೂಲೆಂಟ್ ಆಯಿಲ್ ಕಡೆ ನುಗ್ಗುತ್ತಿರಬಹುದು. ಸಿಲಿಕಾನ್ ಏರಿದ್ದರೆ ಏರ್ ಫಿಲ್ಟರ್ ಕಡೆಯಿಂದ ಧೂಳು. ಹೊಸ ಎಂಜಿನ್‌ಗಳಲ್ಲಿ ಸೀಲೆಂಟ್‌ನಿಂದಲೂ ಸಿಲಿಕಾನ್ ಬರುತ್ತದೆ, ಅದೊಂದಕ್ಕೇ ಗಾಬರಿ ಬೇಡ.

ಒಂಟಿ ಲಾರಿ:

ಮೇಸ್ತ್ರಿ ಗುಂಡಿಯಲ್ಲಿ ನೋಡಿದರು. ‘ಟಕ್’ ಸಿಕ್ಕಿತು ಅನ್ನಿಸುತ್ತದೆ. ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಶಾಫ್ಟ್‌ನ ಹಿಂದಿನ ಜಾಯಿಂಟ್‌ನ ಕ್ರಾಸ್ ಕೈಯಲ್ಲೇ ಆಡುತ್ತಿದೆ. ಗ್ರೀಸ್ ಹೊಡೆದಾಗ ನಾಲ್ಕು ಕಪ್‌ನಲ್ಲಿ ಮೂರರಿಂದ ಮಾತ್ರ ಹೊಸ ಗ್ರೀಸ್ ಹೊರಗೆ ಬಂತು. ಒಂದು ಕಪ್ ಒಣಗಿದೆ. ಇದನ್ನು ಡೀಲರ್‌ಗೆ ಹೇಳಿದರೆ ‘ಗ್ರೀಸ್ ಹೊಡೆಸಿಲ್ಲ’ ಅಂತ ನನ್ನ ಮೇಲೇ ಹಾಕುತ್ತಾರೆ ಅಲ್ವಾ?

ಪುಸ್ತಕ ಓದಿದೆ. ಗೇರ್‌ಬಾಕ್ಸ್‌ಗೆ ಉದ್ದದ ಅವಧಿ ಇದೆ, ಸೀಲ್ ಅದರಲ್ಲಿ ಇಲ್ಲ. ಆರು ಗಾಡಿ ಅವರು ಹೇಳಿದ ಹಾಗೇ ಆಯಿತು.

ಆರು ಗಾಡಿ:

ಹಾಕುತ್ತಾರೆ. ಗ್ರೀಸ್‌ಗೆ ಬಿಲ್ ಇಟ್ಟುಕೊಳ್ಳುವವರು ಯಾರು? ಆ ಕ್ರಾಸ್ ಮೇಸ್ತ್ರಿ ಹತ್ತಿರವೇ ಹಾಕಿಸಿಬಿಡಿ. ಅದಕ್ಕೆ ವಾದ ಮಾಡಿ ಒಂದು ದಿನ ನಿಲ್ಲಿಸುವುದಕ್ಕಿಂತ ಅದೇ ಅಗ್ಗ. ಬಿಚ್ಚುವಾಗ ಶಾಫ್ಟ್ ಮೇಲಿನ ಬಾಣದ ಗುರುತು ನೋಡಿಕೊಂಡು ಮೊದಲಿದ್ದ ಹಾಗೇ ಕೂರಿಸಲಿ. ಒಂದು ಹಲ್ಲು ಆಚೀಚೆ ಆದರೆ ಗಾಡಿ ನಡುಗಲು ಶುರುವಾಗುತ್ತದೆ, ಆಮೇಲೆ ಗೇರ್‌ಬಾಕ್ಸ್ ಸೀಲ್‌ಗೂ ಅದೇ ಏಟು.

ಕೂಲೆಂಟ್ ಮತ್ತು ಲೈಟ್, ಇವೆರಡಕ್ಕೆ ಡೀಲರ್. ಇವು ಮೇಸ್ತ್ರಿ ಕೈಯ ಕೆಲಸ ಅಲ್ಲ.

ಎಕ್ಸ್‌ಟೆಂಡೆಡ್ ವಾರಂಟಿ ಬಗ್ಗೆ ಯಾರೂ ಹೇಳಲಿಲ್ಲ. ಮೊದಲ ವಾರಂಟಿ ಇರುವಾಗಲೇ ತೆಗೆದುಕೊಳ್ಳಬೇಕು ಅಂತ ಬಹಳ ಕಡೆ ನಿಯಮ. ಮುಗಿದ ಮೇಲೆ ಕೊಡುವುದೇ ಇಲ್ಲ, ಅಥವಾ ಗಾಡಿ ಪರೀಕ್ಷೆ ಮಾಡಿ ಕೊಡುತ್ತಾರೆ. ಪಟ್ಟಿ ಓದುವಾಗ ಏನು ಸೇರಿದೆ ಅಂತ ಓದಬೇಡಿ, ಏನು ಸೇರಿಲ್ಲ ಅಂತ ಓದಿ. ಇಂಜೆಕ್ಟರ್, ಟರ್ಬೋ, ಹೊಗೆ ಶುದ್ಧಿಗೆ ಯೂರಿಯಾ ದ್ರವ ಕಳಿಸುವ ಯೂರಿಯಾ ಪಂಪ್, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್ ಹೊರಗಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಅದು ತೆಗೆದುಕೊಂಡರೆ ಪ್ರತಿ ಸರ್ವಿಸ್ ಅಲ್ಲೇ ಅಂತ ಕಟ್ಟಿಹಾಕುತ್ತಾರಾ, ಅದನ್ನೂ ಕೇಳಿ. ಒಂದೇ ಗಾಡಿ ಇರುವವರಿಗೆ ಎಂಜಿನ್ ಹೋದರೆ ಬದುಕೇ ನಿಲ್ಲುತ್ತದೆ, ಅದಕ್ಕೆ ನಾನಾದರೆ ಯೋಚಿಸುತ್ತೇನೆ. ಆರು ಗಾಡಿ ಇರುವಾಗ ಒಂದರ ಖರ್ಚನ್ನು ಉಳಿದ ಐದು ಎತ್ತುತ್ತವೆ, ನಾನು ತೆಗೆದುಕೊಂಡಿಲ್ಲ.

ಒಂಟಿ ಲಾರಿ:

ಹೋಗಿ ಬಂದೆ.

ಕ್ರಾಸ್ ಮೇಸ್ತ್ರಿ ಹತ್ತಿರ ಹಾಕಿಸಿದೆ, ‘ಟಕ್’ ಹೋಯಿತು. ಡೀಲರ್ ಹತ್ತಿರ ಮೂರು ಸಾಲು ಬರೆಸಿದೆ. ಅಡ್ವೈಸರ್ ಮೊದಲು ಮುಖ ಗಂಟು ಹಾಕಿದರು. ಟ್ಯಾಂಕಿನ ಫೋಟೋ, ಮೀಟರಿನ ಫೋಟೋ ಸಾಲಾಗಿ ತೋರಿಸಿದ ಮೇಲೆ ಕುರ್ಚಿ ಎಳೆದು ಕೊಟ್ಟರು.

ಗಾಡಿ ಬಿಸಿ ಇರುವಾಗ ಪ್ರೆಷರ್ ಹಾಕಿದರು, ಮುಳ್ಳು ಅಲ್ಲಾಡಲಿಲ್ಲ. ಬೆಳಗ್ಗೆ ತಣ್ಣಗೆ ಹಾಕಿದರು. ಹೀಟರ್‌ಗೆ ಹೋಗುವ ಪೈಪಿನ ಕ್ಲ್ಯಾಂಪ್ ಹತ್ತಿರ ಸಣ್ಣಗೆ ಹನಿ ಕಟ್ಟಿತು. ಪೈಪ್ ಬಾಯಿ ಸುತ್ತ ಒಣಗಿದ ಬಣ್ಣದ ಪುಡಿ ಇತ್ತು, ಹಿಂಬದಿಯಲ್ಲಿ ಇದ್ದದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೈಪ್, ಕ್ಲ್ಯಾಂಪ್ ಎರಡೂ ಬದಲಿಸಿದರು. ಇಜಿಆರ್ ಕೂಲರ್ ಕೂಡ ಬೇರೆಯಾಗಿ ಪರೀಕ್ಷೆ ಮಾಡಲು ಹೇಳಿದೆ, ಅದು ಸರಿ ಇದೆ ಅಂತ ಬರೆದು ಕೊಟ್ಟರು.

ಸೀಲ್ ಜಿನುಗು ಅಂತ ಬರೆದರು. ಒರೆಸಿಕೊಂಡು ಓಡಿಸಿ ಹೋಗಿದ್ದೆ, ಹನಿ ಇರಲಿಲ್ಲ. ಮುಟ್ಟಿಸಲಿಲ್ಲ.

ಲೈಟ್‌ಗೆ ನಾಕ್ಸ್ ಸೆನ್ಸರ್ ಕೋಡ್ ಒಳಗೆ ಇತ್ತು. ಮೊದಲು ‘ಯೂರಿಯಾ ಕೆಟ್ಟದ್ದು ಹಾಕಿರುತ್ತೀರಿ’ ಅಂದರು. ಟ್ಯಾಂಕಿನಿಂದ ತೆಗೆದು ಅಳೆದು ನೋಡಿ ಅಂದೆ. ಅಳೆದರು, ಶೇಕಡಾ 32.5 ಹತ್ತಿರವೇ ಬಂತು. ಆಮೇಲೆ ಆ ಮಾತು ಬಿಟ್ಟರು. ವಯರಿಂಗ್ ನೋಡಿ, ಸೆನ್ಸರ್ ಆರ್ಡರ್ ಹಾಕಿದ್ದಾರೆ. ಈಗ ಕೋಡ್ ಅಳಿಸಿ ಕಳಿಸುತ್ತೇವೆ ಅಂದರು. ಸದ್ಯಕ್ಕೆ ಬೇಡ ಅಂದೆ. ಸರಿ ಮಾಡಿದೆನಾ?

ಹಳೇ ಸ್ಪ್ಯಾನರ್:

ಅಳಿಸಿದರೂ ತೊಂದರೆ ಇರಲಿಲ್ಲ, ಪ್ರಿಂಟ್ ತೆಗೆದು ಜಾಬ್ ಕಾರ್ಡ್‌ಗೆ ಸೇರಿಸಿದ್ದರೆ. ಆ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಸೆನ್ಸರ್ ಹಾಕಿದ ದಿನ ಹೇಗೂ ಅಳಿಸಲೇಬೇಕು, ಆಮೇಲೆ ಮತ್ತೆ ಬರುತ್ತದಾ ಅಂತ ನೋಡಬೇಕಲ್ಲ.

ಯೂರಿಯಾ ಶೇಕಡಾ 32.5 ಅನ್ನುವುದು ಈ ದ್ರವದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 22241 ಹೇಳುವ ಪ್ರಮಾಣ. ಆದರೆ ಪ್ರಮಾಣ ಸರಿ ಇದ್ದರೂ ಒಳಗೆ ಬೇರೆ ಉಪ್ಪು, ಲೋಹ ಇದ್ದರೆ ಆ ಮೀಟರಿಗೆ ಗೊತ್ತಾಗುವುದಿಲ್ಲ. ಯೂರಿಯಾ ತೆಗೆದುಕೊಂಡ ಬಿಲ್‌ಗಳನ್ನೂ ಎತ್ತಿಡಿ.

ಬಾಕಿ ಇರುವ ಸಾಫ್ಟ್‌ವೇರ್ ಅಪ್‌ಡೇಟ್ ಏನಾದರೂ ಇದೆಯಾ ಅಂತ ಚಾಸಿಸ್ ನಂಬರ್ ಹಾಕಿ ನೋಡಲು ಹೇಳಿ. ನಾಕ್ಸ್ ಕೋಡ್‌ಗಳು ಕೆಲವು ಸಲ ಅದರಿಂದಲೇ ಹೋಗುತ್ತವೆ. ಪುಸ್ತಕದಲ್ಲಿ ಎಮಿಷನ್ (ಹೊಗೆ ನಿಯಂತ್ರಣದ) ಭಾಗಗಳಿಗೆ ಪ್ರತ್ಯೇಕ ಅವಧಿ ಕೊಟ್ಟಿದ್ದಾರಾ ಅಂತಲೂ ನೋಡಿ, ಕೆಲವು ಕಡೆ ಅದು ಉದ್ದ ಇರುತ್ತದೆ.

ವಾರಂಟಿಯಲ್ಲಿ ಹಾಕಿದ ಹೊಸ ಭಾಗಕ್ಕೆ ಹೊಸ ವಾರಂಟಿ ಅಂದುಕೊಳ್ಳಬೇಡಿ. ಬಹಳ ಕಂಪನಿಗಳಲ್ಲಿ ಅದು ಗಾಡಿಯ ಉಳಿದ ಅವಧಿಗೆ ಮಾತ್ರ. ದುಡ್ಡು ಕೊಟ್ಟು ಹಾಕಿಸಿದ ಭಾಗಕ್ಕೆ ಬೇರೆ ಲೆಕ್ಕ. ಸೆನ್ಸರ್ ಬಂದಾಗ ಈ ಪ್ರಶ್ನೆ ಕೇಳಿ, ಉತ್ತರವನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಒಂಟಿ ಲಾರಿ:

ಪ್ರಿಂಟ್ ಕೇಳಲು ಈಗಲೇ ಫೋನ್ ಮಾಡುತ್ತೇನೆ. ಲೋಡ್ ಇಳಿಸಿ ವಾಪಸ್ ಬರುವಾಗ ಆ ದಾರಿಯಲ್ಲೇ ಬರುತ್ತೇನೆ, ಕೈಯಲ್ಲೇ ತೆಗೆದುಕೊಳ್ಳಬಹುದು. ಎಕ್ಸ್‌ಟೆಂಡೆಡ್ ವಾರಂಟಿ ಪಟ್ಟಿಯನ್ನೂ ಕೊಡಲು ಹೇಳಿದ್ದೇನೆ. ಇಂಜೆಕ್ಟರ್ ಸೇರಿದೆ, ಯೂರಿಯಾ ಪಂಪ್ ಸೇರಿಲ್ಲ ಅಂತ ಫೋನಲ್ಲಿ ಹೇಳಿದರು. ಪಟ್ಟಿ ಕೈಗೆ ಬಂದ ಮೇಲೆ ನೋಡುತ್ತೇನೆ.